ಹಳೇ ಮಂಚ, ಅಟ್ಟದ ತೊಟ್ಟಿಲು

ಪ್ರಶ್ನೆ: ಅಕ್ಕಾ, ನನ್ನ ತವರು ಹುಳಿಯಾರಿನ ಹತ್ತಿರ, ಕೊಟ್ಟ ಮನೆ ತುರುವೇಕೆರೆ ತಾಲ್ಲೂಕಿನ ಹಳ್ಳಿ. ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ದಿನಾ ಓಡಾಡುವುದು ಕಷ್ಟವಾಗಿ ಯುಗಾದಿ ಕಳೆದ ಮೇಲೆ ತಿಪಟೂರಿನಲ್ಲೇ ಬಾಡಿಗೆ ಮನೆ ಹಿಡಿದೆವು. ಪಾತ್ರೆ, ಗ್ಯಾಸು, ಎರಡು ಚಾಪೆ ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ನನಗೀಗ ಐದು ತಿಂಗಳು ತುಂಬಿದೆ, ಚೊಚ್ಚಲು. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಕೈಯಲ್ಲಿ 15,000 ರೂಪಾಯಿ ಇದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಸಾಗುವಾನಿ ಮಂಚಕ್ಕೆ 4,500, ಬೆತ್ತದ ಎರಡು ಕುರ್ಚಿಗೆ 1,600, ಒಂದು ಬೀರುವಿಗೆ 3,000 ಹೇಳುತ್ತಿದ್ದಾರೆ. ಯಜಮಾನರಿಗೆ ಇಷ್ಟವಿಲ್ಲ. 40,000ದ ಹೊಸ ಸೆಟ್ಟೇ ತರೋಣ, ತಿಂಗಳಿಗೆ 2,000 ಕಂತು ಕಟ್ಟಿದರಾಯಿತು, ನೆಂಟರ ಮುಂದೆ ಮರ್ಯಾದೆ ಉಳಿಯುತ್ತೆ ಅನ್ನುತ್ತಾರೆ. ಅತ್ತೆಯದು ಬೇರೆ ಮಾತು. "ಯಾರು ಸತ್ತ ಮಂಚವೋ ಏನೋ, ಬಸುರಿ ಹೆಂಗಸು ಅದರ ಮೇಲೆ ಮಲಗೋದಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕೂಸಿಗೆ ಮಾತ್ರ ಹೊಸ ತೊಟ್ಟಿಲು ಬೇಡವಂತೆ. ಊರ ಮನೆಯ ಅಟ್ಟದಲ್ಲಿ ಬಣ್ಣದ ತೊಟ್ಟಿಲಿದೆ, ಉಪ್ಪುಕಾಗದ ಹಾಕಿ ಉಜ್ಜಿ ಹೊಸ ಬಣ್ಣ ಬಳಿದರೆ ಸಾಕು ಅನ್ನುತ್ತಾರೆ. ಹಳೇ ಸಾಮಾನು ತರುವುದು ತಪ್ಪಾ ಅಕ್ಕಾ? ನಾನೇ ಕೂತು ಉಜ್ಜಿ ಪಾಲಿಷ್ ಮಾಡಿಕೊಳ್ಳಬಹುದಾ? ಕೊಬ್ಬರಿ ಎಣ್ಣೆ ಹಚ್ಚಿದರೆ ಮರ ಹೊಳೆಯುತ್ತೆ ಅಂತ ಮೊಬೈಲಿನಲ್ಲಿ ನೋಡಿದೆ.
– ಹೆಸರು ಬೇಡ, ತಿಪಟೂರು

ಉತ್ತರ: ತಂಗೀ, ಅಕ್ಕ ಎಂದು ಕರೆದಿದ್ದೀಯ, ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಮಂಚದ ಕಾಗದ ಅನ್ನಿಸಿತು. ಎರಡನೇ ಸಲ ಓದುವಾಗ ಕಣ್ಣು ತೊಟ್ಟಿಲಿನ ಮೇಲೆ ನಿಂತಿತು. ಮನೆಯವರೆಲ್ಲ ಹೆದರಿಕೊಂಡಿರುವುದು ಮಂಚಕ್ಕೆ. ಯಾರೂ ಹೆದರದೆ ಅಟ್ಟದಿಂದ ಇಳಿಸಲು ಹೊರಟಿರುವುದು ತೊಟ್ಟಿಲನ್ನು. ನನಗೆ ಭಯವಾದದ್ದು ತೊಟ್ಟಿಲ ಮಾತು ಓದಿದಾಗಲೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ತೊಟ್ಟಿಲಿಗೆ ಬಣ್ಣ ಬಳಿದದ್ದು ಯಾವಾಗ ಎಂದು ಅತ್ತೆಯನ್ನು ಕೇಳು. ನಿನ್ನ ಯಜಮಾನರು ಕೂಸಾಗಿದ್ದಾಗ ಬಳಿದದ್ದಾದರೆ ಅದು ಹಳೇ ಎಣ್ಣೆಬಣ್ಣ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ತೊಂಬತ್ತು ಪಾಲು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೆ ಮುಂಚಿನ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ತೊಟ್ಟಿಲಿಗೆ ಬಳಿಯುವ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತಿದ್ದುದುಂಟು.

ಅದನ್ನು ಒಣದಾಗಿ ಉಜ್ಜುವುದು ಬೇಡವೇ ಬೇಡ. ನೀನಂತೂ ಆ ಅಂಗಳದಲ್ಲೂ ಇರಕೂಡದು. ಬಣ್ಣದ ಪುಡಿ ಕಣ್ಣಿಗೆ ಕಾಣದಷ್ಟು ನುಣ್ಣಗೆ ಎದ್ದು ಸೀರೆಗೆ, ಚಾಪೆಗೆ, ಮುಚ್ಚದೆ ಇಟ್ಟ ನೀರಿಗೆ ಕೂರುತ್ತದೆ. ನಿನ್ನ ಮೈ ಸೇರಿದ ಸೀಸ ರಕ್ತದ ಜೊತೆ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ, ಮಿದುಳು ಬೆಳೆಯುವುದಕ್ಕೆ ಅಡ್ಡ ಬರುತ್ತದೆ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವಂಥ ಮಟ್ಟವೇ ಸೀಸಕ್ಕೆ ಗೊತ್ತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಕಿ ಹಿಡಿದು ಬಣ್ಣ ಸುಲಿಯುವುದು ಇನ್ನೂ ಕೆಟ್ಟದ್ದು. ಹಳೇ ಬಣ್ಣದ ಮೇಲೇ ಹೊಸ ಬಣ್ಣ ಬಳಿದು ಮುಚ್ಚಿಬಿಡೋಣ ಅನ್ನಬಹುದು. ಅದೂ ಸಾಲದು. ಹಲ್ಲು ಮೂಡುವ ಕಾಲಕ್ಕೆ ಮಗು ತೊಟ್ಟಿಲ ಅಂಚನ್ನು ಹಿಡಿದು ಎದ್ದು ಕಚ್ಚುತ್ತದೆ, ಒಂದು ಚಕ್ಕೆ ಎದ್ದರೆ ನೇರ ಬಾಯಿಗೆ.

ಬಣ್ಣ ತೆಗೆಸಲೇಬೇಕೆಂದರೆ ತೊಟ್ಟಿಲನ್ನು ಮರಗೆಲಸದ ಆಚಾರ್ರಲ್ಲಿಗೆ ಕಳಿಸಿ. ಮನೆಯಿಂದ ದೂರ, ಬಯಲಿನಲ್ಲಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸುತ್ತ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಉಜ್ಜಬೇಕು. ಆ ಕೆಸರನ್ನು ಹಾಸಿನ ಸಮೇತ ಮಡಿಸಿ ಕಟ್ಟಿ ಎತ್ತಬೇಕು, ಬಚ್ಚಲಿಗೋ ಹಿತ್ತಲಿಗೋ ಸುರಿಯಬಾರದು. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಬದಲಾಯಿಸಿ ಮನೆಗೆ ಹೋಗಿ ಎಂದು ಆಚಾರ್ರಿಗೂ ಹೇಳಿ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ಮರ ಬರಿದಾದ ಮೇಲೆ ಬಣ್ಣದ ತಂಟೆಗೆ ಹೋಗದೆ ಅರಗಿನ ಪಾಲಿಷ್ ಕೊಡಿಸಿದರೆ ಸಾಕು. ಚನ್ನಪಟ್ಟಣದ ಬೊಂಬೆಗೆ ಮೆರುಗು ಬರುವುದೂ ಅರಗಿನಿಂದಲೇ. ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತುತ್ತಾರೆ, ಆ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ.

ಇದೆಲ್ಲ ರಗಳೆ ಅನ್ನಿಸಿದರೆ ನಾಮಕರಣದ ದಿನ ಅತ್ತೆಯ ತೊಟ್ಟಿಲಲ್ಲೇ ಹೊಸ ಬಟ್ಟೆ ಹಾಸಿ ಮಲಗಿಸಿ ಹೆಸರು ಕರೆಯಿರಿ, ಮಾರನೇ ದಿನದಿಂದ ಬಣ್ಣವಿಲ್ಲದ ಬರಿ ಮರದ ತೊಟ್ಟಿಲಿಗೆ ಮಲಗಿಸಿ. ಶಾಸ್ತ್ರಕ್ಕೂ ಲೋಪವಿಲ್ಲ, ಅತ್ತೆಗೂ ನೋವಿಲ್ಲ. ಯಾವ ತೊಟ್ಟಿಲಾದರೂ ಎರಡು ಕಡ್ಡಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು. ಅದಕ್ಕಿಂತ ಅಗಲವಿದ್ದರೆ ಕೂಸಿನ ಮೈ ಜಾರಿ ಕತ್ತು ಸಿಕ್ಕಿಕೊಳ್ಳುತ್ತದೆ. ಹಳೇ ತೊಟ್ಟಿಲುಗಳನ್ನು ಮಾಡಿದವರು ಈ ಅಳತೆ ನೋಡಿ ಮಾಡಿದವರಲ್ಲ.

ಈಗ ಮಂಚದ ಮಾತು. ಅತ್ತೆ ಜೋಪಾನ ಮಾಡಿರುವ ಆ ತೊಟ್ಟಿಲೂ ಹಳೇ ಸಾಮಾನೇ ಅಲ್ಲವಾ? ನಮ್ಮ ಕಡೆ ಮಕ್ಕಳು ಮಲಗಿ ಬಾಳಿ ಬದುಕಿದ ತೊಟ್ಟಿಲನ್ನು ಹುಡುಕಿಕೊಂಡು ಹೋಗಿ ಎರವಲು ತರುವವರಿದ್ದಾರೆ. ಹಾಗಾಗಿ ಅತ್ತೆಗೆ ಹಳತು ಕಂಡರೆ ಆಗದು ಎಂದಲ್ಲ. ಯಾರ ಮನೆಯದೆಂದು ಗೊತ್ತಿಲ್ಲದ ಹಳತು ಮನೆಗೆ ಬಂದೀತೆಂಬ ಭಯ. ಈ ಭಯಕ್ಕೆ ಉತ್ತರ ಅಂಗಡಿಯವನ ಹತ್ತಿರವೇ ಇದೆ. ಮಂಚ ಎಲ್ಲಿಂದ ಬಂತು ಎಂದು ಕೇಳಿ. ಹೊನ್ನವಳ್ಳಿ ಕಡೆಯದೋ, ನೊಣವಿನಕೆರೆಯದೋ, ದಂಡಿನಶಿವರದ ಆಚೆಯದೋ, ತೊಟ್ಟಿಮನೆ ಕೆಡವಿ ತಾರಸಿ ಮನೆ ಕಟ್ಟಿದವರು ಮಾರಿದ್ದೋ, ಅವನಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಅಂಗಡಿಗೆ ಹೋಗುವ ಮುಂಚೆ ಇನ್ನೊಂದು ಕೆಲಸವಿದೆ. ಅತ್ತೆಯ ಊರಲ್ಲೇ, ಅವರ ಅಣ್ಣ ತಮ್ಮಂದಿರ ಮನೆಗಳ ಅಟ್ಟದಲ್ಲೇ, ಕಾಯಿ ರಾಶಿಯ ಹಿಂದೆ ಒರಗಿಸಿಟ್ಟ ಮಂಚದ ಕಾಲು, ಚೌಕಟ್ಟು ಇದೆಯಾ ಅಂತ ಅವರನ್ನೇ ವಿಚಾರಿಸಲು ಹೇಳು. ಅವರ ತವರಿನ ಅಟ್ಟದಿಂದ ಒಂದು ಮಂಚ ಇಳಿದುಬಂದರೆ ಆ ಮನಸ್ಸು ಎಷ್ಟು ಹಗುರಾದೀತು ಯೋಚಿಸು.

ಅಂಗಡಿಯ ಮಂಚವೇ ಆಗಬೇಕೆಂದರೂ ದಾರಿಯಿದೆ. ಜೀವ ಹೋಗುತ್ತದೆ ಅನ್ನುವಾಗ ಹಿರಿಯರನ್ನು ಹಾಸಿಗೆಯಿಂದ ನೆಲಕ್ಕೆ ಇಳಿಸಿ ಮಲಗಿಸುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ, ಹಾಗಾಗಿ ಮಂಚದ ಮೇಲೇ ಯಾರೋ ಸತ್ತಿರುವುದು ಕಡಿಮೆ. ಇದನ್ನು ನೀನು ಎದುರು ವಾದ ಮಾಡಿ ಹೇಳಬೇಡ, ಒಂದು ಸಂಜೆ ಮಗ ತಾಯಿಯ ಪಕ್ಕ ಕೂತು ಹೇಳಲಿ. ಮಂಚ ಬಂದ ದಿನ ತೊಳೆಯುವ ಕೆಲಸ ಅತ್ತೆಯ ಕೈಯಲ್ಲೇ ನಡೆಯಲಿ. ಹೊರಗೆ ಅಂಗಳದಲ್ಲಿಟ್ಟು ಕೀಲು, ಸಂದಿ, ಬಿರುಕುಗಳಿಗೆಲ್ಲ ಕುದಿಯುವ ನೀರು ಹುಯ್ಯಿರಿ. ತಿಗಣೆ, ಅದರ ಮೊಟ್ಟೆ ಉಳಿಯಬಾರದು ಎಂದು ಹಳೇ ಕಾಲದವರು ಮಾಡುತ್ತಿದ್ದದ್ದು ಇದನ್ನೇ. ಘನ ಮರಕ್ಕೆ ಇದು ತಡೆಯುತ್ತದೆ, ಪ್ಲೈವುಡ್ಡಿಗೆ ತಡೆಯದು. ಕೊನೆಯ ಚೆಂಬಿಗೆ ಅರಿಶಿನ ಹಾಕುತ್ತಾರೋ ಗಂಜಲ ಚಿಮುಕಿಸುತ್ತಾರೋ ಅವರಿಷ್ಟ. ಆಮೇಲೆ ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಒಳಗೆ ತೇವ ಉಳಿದು ಮರ ಸೀಳುತ್ತದೆ. ಎಂಟು ಹತ್ತು ತಿಂಗಳು ಕಾಯನ್ನು ಅಟ್ಟದಲ್ಲಿಟ್ಟು, ನೀರು ತಾನಾಗಿ ಇಂಗಿ ಗಿಟುಕು ಒಳಗೆ ಲೊಟಗುಟ್ಟುವವರೆಗೆ ಕಾಯುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿನ್ನ ಯಜಮಾನರು. ಅವರನ್ನು ಒಪ್ಪಿಸುವ ಬದಲು ಕೆಲಸಕ್ಕೆ ಹಚ್ಚು. ಮಂಡಿಯಲ್ಲಿ ಕೊಬ್ಬರಿ ಹೇಗೆ ನೋಡುತ್ತಾರೆ ಎಂದು ಅವರಿಗೆ ಗೊತ್ತು. ಕೈಯಲ್ಲಿ ತೂಗಿ, ತಟ್ಟಿ, ಒಡೆದು ನೋಡಿ, ಬೂಸ್ಟು ಹುಳುಕು ಕಂಡರೆ ಪಕ್ಕಕ್ಕೆ ಹಾಕುತ್ತಾರೆ. ಮಂಚವನ್ನೂ ಹಾಗೇ ನೋಡಬೇಕು. ಬೆಳಿಗ್ಗೆ ಹೋಗಿ, ಅಂಗಡಿಯಿಂದ ಹೊರಗೆ ಬೆಳಕಿಗೆ ಎಳೆಸಿ, ಮಗುಚಿ ಹಾಕಿಸಿ. ಮೇಲಿನ ಪಾಲಿಷನ್ನು ನೋಡುತ್ತ ನಿಂತರೆ ಮೋಸ ಹೋಗುತ್ತೀರಿ, ಮರದ ನಿಜ ಇರುವುದು ಅಡಿಯಲ್ಲಿ. ಕಾಲಿನ ಬುಡ, ಅಡ್ಡಪಟ್ಟಿಯ ಒಳಮೈಯನ್ನು ಚಾಕುವಿನ ಮೊನೆಯಲ್ಲಿ ಒಂದು ಎಳೆ ಕೆರೆದು ನೋಡಿ. ಸಾಗುವಾನಿಯಾದರೆ ಎಣ್ಣೆಜಿಡ್ಡಿನ, ಹದ ಮಾಡಿದ ಚರ್ಮದಂಥ ವಾಸನೆ ಬರುತ್ತದೆ. ಮೇಲಿನ ಎಳೆಗಳು ಅಂಚಿನಲ್ಲಿ ತಿರುಗಿ ಪಕ್ಕಕ್ಕೂ ಹರಿದಿದ್ದರೆ ಘನ ಮರ. ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿದ್ದರೆ ಮೇಲೆ ತೆಳ್ಳಗೆ ಅಂಟಿಸಿದ ಪದರ. ಸಾಗುವಾನಿಯೇ ಆಗಬೇಕೆಂದಿಲ್ಲ. ಹಲಸು, ಹೊನ್ನೆ, ಮತ್ತಿ ಎಲ್ಲವೂ ಒಳ್ಳೆಯ ಮರ, ಸಾಗುವಾನಿಯ ಬೆಲೆಗೆ ಕೊಡಬಾರದು ಅಷ್ಟೆ.

ಮರ ಕೊರೆಯುವ ಕುಟ್ಟೆ ಹುಳದ ವಿಷಯದಲ್ಲಿ ನಾನು ಪೆಟ್ಟು ತಿಂದವಳು, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ಸಂತೆಯಿಂದ ಮಾವಿನ ಮರದ ಸ್ಟೂಲೊಂದನ್ನು ತಂದಿದ್ದೆ. ಗುಂಡುಸೂಜಿಯ ತಲೆಯಷ್ಟು ತೂತುಗಳು ಕಂಡಿದ್ದವು, ಹಳೇ ಮೊಳೆಯವು ಎಂದುಕೊಂಡೆ. ಮರುವರ್ಷ ಅಡುಗೆಮನೆಯಲ್ಲಿ ತೂಗುಹಾಕಿದ್ದ ಬಿದಿರಿನ ಮೊರದ ಕೆಳಗೆ ಗೋಧಿಹಿಟ್ಟಿನಷ್ಟು ನುಣ್ಣನೆಯ ಪುಡಿ ಉದುರಿತ್ತು. ಆಮೇಲೆ ಬಾಗಿಲ ಪಟ್ಟಿಯಿಂದ. ನನ್ನ ಅತ್ತೆ ಏನೂ ಅನ್ನಲಿಲ್ಲ, ಮೊರವನ್ನು ತೆಗೆದು ಒಲೆಗೆ ಹಾಕಿದರು. ಅವರು ಮದುವೆಯಲ್ಲಿ ತಂದ ಮೊರವದು.

ಕುಟ್ಟೆಗೆ ಬೇಕಾದದ್ದು ಮರದ ಹೊರಭಾಗದ ಬಿಳಿಯಲ್ಲಿರುವ ಪಿಷ್ಟ. ಒಳಗಿನ ಕೆಚ್ಚನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೆಚ್ಚೆದೆ ಎಂಬ ಮಾತಿನಲ್ಲಿರುವುದು ಇದೇ ಕೆಚ್ಚು. ತೂತು ಕಂಡ ಮಾತ್ರಕ್ಕೆ ಮಂಚ ಬಿಡಬೇಕಾಗಿಲ್ಲ, ತೂತು ಹಳೆಯದೋ ಹೊಸದೋ ನೋಡಬೇಕು. ಕೆಳಗೆ ಕಪ್ಪು ಬಟ್ಟೆ ಹಾಸಿ, ಕಾಲನ್ನು ಮರದ ಸುತ್ತಿಗೆಯಿಂದ ತಟ್ಟಿ. ಬೆಳ್ಳಗೆ ಹೊಸ ಪುಡಿ ಉದುರಿದರೆ ಹುಳ ಜೀವಂತ, ಆ ಮಂಚ ಬೇಡ. ತೂತಿನ ಅಂಚು ಕಪ್ಪಾಗಿ ಒಳಗೆ ದೂಳು ಕೂತಿದ್ದರೆ ಹುಳ ಬಿಟ್ಟು ಹೋಗಿ ಕಾಲವಾಗಿದೆ ಎಂದರ್ಥ. ಆದರೂ ತಂದ ಮೇಲೆ ಹದಿನೈದು ದಿನ ಹೊರಗೆ ಜಗಲಿಯಲ್ಲೇ ಆ ಬಟ್ಟೆಯ ಮೇಲೆ ನಿಲ್ಲಿಸಿ ನೋಡಿ. ಗೆದ್ದಲಿನ ಮಣ್ಣಗೆರೆ ಕಂಡರೆ, ತಟ್ಟಿದಾಗ ಪೊಳ್ಳು ಸದ್ದು ಬಂದರೆ ಚೌಕಾಸಿಗೂ ನಿಲ್ಲದೆ ಬಂದುಬಿಡಿ.

ಕೀಲು ಅಲ್ಲಾಡುವುದು ದೊಡ್ಡ ದೋಷವಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ. ಅದಕ್ಕೆ ಮೊಳೆ ಮಾತ್ರ ಹೊಡೆಸಬೇಡಿ, ಮರ ಸೀಳಿ ಮುಂದಿನ ವರ್ಷಕ್ಕೆ ಇನ್ನಷ್ಟು ಸಡಿಲವಾಗುತ್ತದೆ. ಕೀಲು ಬಿಚ್ಚಿ, ಒಣಗಿದ ಹಳೇ ಅಂಟನ್ನು ಉಳಿಯಲ್ಲಿ ಪೂರ್ತಿ ಕೆರೆದು, ಫೆವಿಕಾಲ್ ಸವರಿ ಕೂಡಿಸಬೇಕು. ಬಿಗಿ ಕೂರಿಸಲು ನಮ್ಮ ತೆಂಗಿನ ನಾರಿನ ಹಗ್ಗವೇ ಸಾಕು. ಚೌಕಟ್ಟಿನ ಸುತ್ತ ಎರಡು ಸುತ್ತು ಹಾಕಿ, ನಡುವೆ ಒಂದು ಕೋಲು ತೂರಿಸಿ, ಗಾಡಿಗೆ ಹೇರು ಬಿಗಿದಂತೆ ತಿರುಪುತ್ತ ಹೋದರೆ ಸಂದಿಯಿಂದ ಅಂಟು ಮಣಿಮಣಿಯಾಗಿ ಹೊರಗೆ ಬರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೋಲು ಬಿಚ್ಚಿಕೊಳ್ಳದಂತೆ ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಆಯಿತು.

ಬೀರು ಬೇಡ. 3,000ಕ್ಕೆ ಸಿಗುವ ಹಳೇ ಬೀರು ಬಹುಶಃ ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ ಹಲಗೆಯದು, ಮೇಲೆ ಸನ್‌ಮೈಕ ಅಂಟಿಸಿರುತ್ತಾರೆ. ಹಿಂಬದಿಯ ಅಂಚು ನೋಡಿದರೆ ಗೊತ್ತಾಗುತ್ತದೆ. ನೆಲ ಒರೆಸುವ ನೀರು ತಾಗಿ ಬುಡ ಒಮ್ಮೆ ಉಬ್ಬಿದರೆ ಆ ಹಲಗೆಗೆ ರಿಪೇರಿಯಿಲ್ಲ, ಕಿತ್ತುಬಂದ ತಿರುಪು ಮತ್ತೆ ಕೂರುವುದಿಲ್ಲ. ಇದೇ ಮಾತನ್ನು 40,000ದ ಹೊಸ ಸೆಟ್ಟಿಗೂ ಹೇಳುತ್ತೇನೆ, ಕೊಳ್ಳುವ ಮುಂಚೆ ಅದರ ಹಿಂಬದಿಯನ್ನೂ ನೋಡಿ ಬನ್ನಿ. ತಿಂಗಳಿಗೆ 2,000 ಅಂದರೆ ಬಡ್ಡಿ ಲೆಕ್ಕ ಹಿಡಿಯದಿದ್ದರೂ ಇಪ್ಪತ್ತು ತಿಂಗಳು. ಮಗು ನಡೆಯಲು ಕಲಿತ ಮೇಲೂ ಕಂತು ಮುಗಿದಿರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಇಳಿದು ರೈತರು ಬೀದಿಗೆ ಬಂದದ್ದು ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಮರೆತಿರಲಾರದು. ಧಾರಣೆ ಏರಿದ ವರ್ಷವೂ ಬರುತ್ತದೆ, ಆಗ ಕೈಯಾರೆ ದುಡ್ಡು ಕೊಟ್ಟು ಹೊಸದು ತರಲಿ. ನೆಂಟರ ಮುಂದಿನ ಮರ್ಯಾದೆಯ ಬಗ್ಗೆ ಅವರಿಗಿರುವ ಸಂಕೋಚ ನನಗೆ ಅರ್ಥವಾಗುತ್ತದೆ, ಚಾಪೆ ಹಾಸಿ ಕೂರಿಸುವಾಗ ಗಂಡಸಿನ ಮುಖ ಸಣ್ಣದಾಗುತ್ತದೆ. ಅದಕ್ಕೇ ಆ ಬೆತ್ತದ ಕುರ್ಚಿಗಳನ್ನು ಬಿಡಬೇಡಿ. ಚೌಕಟ್ಟು ಗಟ್ಟಿಯಿದ್ದರೆ ಸಾಕು, ಹೆಣಿಗೆ ಹರಿದಿದ್ದರೂ ಚಿಂತೆಯಿಲ್ಲ. ಬೆತ್ತ ಹೆಣೆಯುವವರು ಇಂದಿಗೂ ಸಿಗುತ್ತಾರೆ, ಕಣ್ಣು ಕಾಣದವರು ಎಷ್ಟೋ ಜನ ಈ ಕಸುಬನ್ನೇ ನೆಚ್ಚಿದ್ದಾರೆ. ಹೊಸ ಬೆತ್ತದ ಹೊಂಬಣ್ಣದ ಕುರ್ಚಿಯಲ್ಲಿ ಬೀಗರು ಕೂತರೆ ಅದು ಹಳತೆಂದು ಯಾರೂ ಕೇಳುವುದಿಲ್ಲ. ಹಾಸಿಗೆ ಮಾತ್ರ ಹಳತು ಕೊಳ್ಳಬೇಡಿ, ನಮ್ಮ ನಾರಿನದೇ ಹೊಸ ಹಾಸಿಗೆ ತನ್ನಿ.

ಕೊಬ್ಬರಿ ಎಣ್ಣೆ ನಮ್ಮ ಸೀಮೆಯಲ್ಲಿ ತಲೆಗೂ ಬೇಕು, ದೀಪಕ್ಕೂ ಬೇಕು. ಮರಕ್ಕೆ ಬೇಡ. ಅಗಸೆ ಎಣ್ಣೆಯಂಥವು ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಮರದ ಮೇಲೆ ಗಟ್ಟಿ ಪದರವಾಗುತ್ತವೆ. ಕೊಬ್ಬರಿ ಎಣ್ಣೆ ಹಾಗೆ ಒಣಗುವ ಜಾತಿಯಲ್ಲ. ಧನುರ್ಮಾಸದ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ, ಬಿಸಿಲು ಬಂದರೆ ಮತ್ತೆ ಕರಗುತ್ತದೆ, ಮರದ ಮೇಲೂ ಹಾಗೇ. ಹಚ್ಚಿದ ದಿನ ಹೊಳೆಯುತ್ತದೆ, ತಿಂಗಳು ಕಳೆದರೆ ದೂಳು ಹಿಡಿದು ಕೈಗೆ ಅಂಟುತ್ತದೆ, ಆಮೇಲೆ ಯಾವ ಪಾಲಿಷೂ ಕೂರುವುದಿಲ್ಲ. ಅಂಗಡಿಯ ಮಂಚಕ್ಕೂ ಹಿಂದಿನವರು ಹಚ್ಚಿರಬಹುದು, ಪಾಲಿಷಿಗೆ ಮುಂಚೆ ಸ್ಪಿರಿಟ್ಟಿನಲ್ಲಿ ಒರೆಸಿಸಬೇಕು. ಅರಗಿನ ಪಾಲಿಷ್ ಮಂಚಕ್ಕೂ ಕುರ್ಚಿಗೂ ಚೆಂದ. ಬಿಸಿ ಲೋಟ ಇಡುವ ಮೇಜಿಗಾದರೆ ಬೆಳ್ಳಗೆ ಉಂಗುರ ಬೀಳುತ್ತದೆ. ಮಳೆ ಹಿಡಿದ ದಿನ ಪಾಲಿಷ್ ಮಾಡಿಸಬೇಡಿ, ತೇವಕ್ಕೆ ಮಂಕಾಗಿ ಬಿಳಿಚಿಕೊಳ್ಳುತ್ತದೆ. ಆಚಾರ್ರು ಅಗಸೆ ಎಣ್ಣೆಯೇ ಸಾಕೆಂದರೆ ಅದೂ ಸರಿ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಒಣಗುತ್ತ ಒಳಗೇ ಕಾವು ಏರಿ ಕಿಡಿ ಸೋಕದೆಯೂ ಹೊತ್ತಿಕೊಳ್ಳುತ್ತದೆ. ಸಿಪ್ಪೆ, ನಾರು, ಮಟ್ಟೆಯ ರಾಶಿ ಇರುವ ಹಿತ್ತಲಿನಲ್ಲಿ ಇದು ಮನೆಯನ್ನೇ ತೆಗೆದೀತು. ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರಡಿ ಒಣಗಿಸಿ.

ನಾನೇ ಉಜ್ಜಬಹುದಾ ಎಂದು ಕೇಳಿದ್ದೀಯ. ಈಗ ಬೇಡ ತಂಗೀ. ಮರದ ಪುಡಿ, ಸ್ಪಿರಿಟ್ಟಿನ ವಾಸನೆ, ಕುಟ್ಟೆಗೆ ಹೊಡೆಯುವ ಔಷಧಿ ಯಾವುದೂ ನಿನ್ನ ಹತ್ತಿರ ಸುಳಿಯಬಾರದು. ಪಾಲಿಷಿಗೆ ಅವಸರವೇನಿದೆ? ಮಂಚಕ್ಕೆ ಬಣ್ಣ ಬಳಿದಿಲ್ಲವೆಂದು ನೋಡಿಕೊಂಡು, ತೊಳೆದು ಒಣಗಿಸಿ, ಹದಿನೈದು ದಿನ ಜಗಲಿಯಲ್ಲಿ ನಿಲ್ಲಿಸಿ, ಕೀಲು ಬಿಗಿಸಿ ಹಾಗೇ ಬರಿಮರದಲ್ಲೇ ಮಲಗಲು ಶುರು ಮಾಡು. ನಿನಗೀಗ ಬೇಕಾದದ್ದು ನೆಲದಿಂದ ಎರಡು ಅಡಿ ಎತ್ತರ, ಹೊಳಪಲ್ಲ. ಏಳನೇ ತಿಂಗಳ ಸೀಮಂತ ಮುಗಿಸಿ ನೀನು ಹುಳಿಯಾರಿಗೆ ಹೊರಟ ಮೇಲೆ ಯಜಮಾನರು ಆಚಾರ್ರನ್ನು ಕರೆಸಲಿ. 80, 120, 220 ನಂಬರಿನ ಉಪ್ಪುಕಾಗದಗಳಲ್ಲಿ ಒಂದಾದ ಮೇಲೊಂದರಂತೆ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಿಸಿ, ಪಾಲಿಷ್ ಕೊಡಿಸಿ, ಕಿಟಕಿ ತೆರೆದಿಡಲಿ. ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ನೀನು ತಿರುಗಿ ಬರುವ ಹೊತ್ತಿಗೆ ಪುಡಿಯೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ.

ಈ ವಾರ ಊರಿಗೆ ಹೋದಾಗ ಯಜಮಾನರ ಕೈಯಲ್ಲಿ ಒಂದು ಅಳತೆ ಪಟ್ಟಿ ಕೊಟ್ಟು ಅಟ್ಟ ಹತ್ತಿಸು. ತೊಟ್ಟಿಲ ಕಡ್ಡಿಗಳ ಸಂದು ಎಷ್ಟಿದೆ, ಬಣ್ಣ ಎಲ್ಲೆಲ್ಲಿ ಚಕ್ಕೆ ಎದ್ದಿದೆ ಎಂದು ನೋಡಿಕೊಂಡು ಬರಲಿ. ನೀನು ಕೆಳಗೆ ನಿಲ್ಲಬೇಡ, ಪುಡಿ ಉದುರುತ್ತದೆ, ಅತ್ತೆಯ ಜೊತೆ ಜಗಲಿಯಲ್ಲಿ ಕೂತಿರು. ಅಳತೆ ಬರೆದು ಕಳಿಸು, ಆ ತೊಟ್ಟಿಲನ್ನು ಉಳಿಸಿಕೊಳ್ಳಬಹುದೋ ಹೇಗೆ ಎಂದು ನೋಡಿ ಹೇಳುತ್ತೇನೆ.